ಹಗೇವು ತೆಗೆದ ಮಂಗಳವಾರ

ಕಸ್ತೂರೆವ್ವನ ಜೊತೆ ಜಗಳಾಡಿ ಗೆದ್ದವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಗೆಲ್ಲುವ ಮಾತು ಹಾಗಿರಲಿ, ಅವಳ ಜಗಳವನ್ನು ಕೊನೆಯವರೆಗೆ ನಿಂತು ಕೇಳಿದವರೇ ಕಡಿಮೆ. ಅಣ್ಣಿಗೇರಿಯಿಂದ ಆರು ಮೈಲಿ ದೂರದ ಆ ಎರೆಮಣ್ಣಿನ ಊರಿಗೆ ಅವಳು ಹದಿನೇಳರ ವಯಸ್ಸಿನಲ್ಲಿ ಸೊಸೆಯಾಗಿ ಬಂದಳು. ತವರು ದುಮ್ಮವಾಡ, ಅಲ್ಲಿ ಕೆಂಪು ಮಣ್ಣು, ಕೆರೆ, ಭತ್ತದ ಗದ್ದೆ. ಇಲ್ಲಿ ಮಳೆ ಬಿದ್ದರೆ ಮೊಣಕಾಲಿನ ತನಕ ಹತ್ತಿಕೊಳ್ಳುವ ಕೆಸರು, ಮಳೆ ಹೋದರೆ ಕಾಲು ಸಿಕ್ಕುವಂಥ ಬಿರುಕು, ಕುಡಿಯಲು ಸವುಳು ನೀರು. ಬಂದ ದಿನವೇ ಅವಳಿಗೆ ಊರಿನ ಮೇಲೆ ಸಿಟ್ಟು ಬಂತು. ಊರಿನವರು ಇದು ಹೊಸ ಸೊಸೆಯ ಬಿಗುಮಾನ ಎಂದುಕೊಂಡು ಒಂದು ವರ್ಷ ಕಾದರು. ಇಪ್ಪತ್ತು ವರ್ಷವಾದರೂ ಅದು ಇಳಿಯಲಿಲ್ಲ.

ಗಂಡ ಕುಬೇರಪ್ಪನಿಗೆ ನಲವತ್ತು ಎಕರೆ ಹೊಲವಿತ್ತು, ಎರಡು ಜೋಡಿ ಎತ್ತುಗಳಿದ್ದವು, ಮಾತು ಮಾತ್ರ ಇರಲಿಲ್ಲ. ಹೆಂಡತಿ ಏನೇ ಅಂದರೂ ‘ಆಗಲಿ ಬಿಡು’ ಎಂದು ಎಲೆ ಅಡಿಕೆ ಚೀಲ ಬಿಚ್ಚುವವನು. ಆದರೆ ಅವನು ಒಮ್ಮೆ ಮಾತ್ರ ಹಟ ಹಿಡಿದಿದ್ದ. ಕಸ್ತೂರೆವ್ವನಿಗೆ ಮೇಲಿಂದ ಮೇಲೆ ಎರಡು ಬಸಿರು ನಿಲ್ಲದೆ ಹೋದಾಗ ಅವನ ತಾಯಿ ಮಗನಿಗೆ ಇನ್ನೊಂದು ಹೆಣ್ಣು ನೋಡಲು ಹೊರಟಳು. ಕುಬೇರಪ್ಪ ಊಟ ಬಿಟ್ಟು ಕೂತ. ಮೂರನೆಯ ದಿನ ಮುದುಕಿ ಸೋತು ಆ ಮಾತು ಕೈಬಿಟ್ಟಳು. ಅಂದಿನಿಂದ ಕಸ್ತೂರೆವ್ವ ಜಗತ್ತಿನಲ್ಲಿ ನಂಬಿದ್ದು ಅವನೊಬ್ಬನನ್ನು. ಅವನನ್ನು ದಿನಕ್ಕೆ ನಾಲ್ಕು ಸಲ ತಾನೇ ಬೈಯುತ್ತಿದ್ದಳು. ಬೇರೆ ಯಾರಾದರೂ ಅವನ ಬಗ್ಗೆ ಹಗುರಾಗಿ ಮಾತಾಡಿದರೆ ಅವರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಅತ್ತೆ ಸತ್ತ ವರ್ಷವೇ ಮಗಳು ಹುಟ್ಟಿದಳು. ಮನೆಯ ಪದ್ಧತಿಯಂತೆ ಮಗುವಿಗೆ ಅಜ್ಜಿಯ ಹೆಸರು, ಗುರವ್ವ. ಅತ್ತೆಯ ಹೆಸರನ್ನು ಸೊಸೆ ಬಾಯಿಂದ ಆಡಬಾರದು ಎಂಬುದೂ ಮನೆಯ ಪದ್ಧತಿಯೇ. ಹಾಗಾಗಿ ಕಸ್ತೂರೆವ್ವ ತನ್ನ ಒಬ್ಬಳೇ ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ‘ಏ ಹುಡುಗಿ’ ಎನ್ನುತ್ತಿದ್ದಳು. ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪ್ರೀತಿ ಮಗಳಿಗೆ ತಲುಪುತ್ತಿದ್ದದ್ದು ಎಣ್ಣೆ ಹಚ್ಚಿ ತಲೆ ಎಳೆದು ಬಾಚುವಾಗ, ಜ್ವರ ಬಂದಾಗ ಕಷಾಯ ಕುಡಿಸಲು ಮೂಗು ಹಿಡಿದಾಗ, ಬಿದ್ದು ಗಾಯ ಮಾಡಿಕೊಂಡು ಬಂದರೆ ‘ಯಾಕೆ ಬಿದ್ದೆ’ ಎಂದು ಮೇಲೊಂದು ಏಟು ಕೊಟ್ಟಾಗ.

ಹಿಂದಿನ ಓಣಿಯಲ್ಲಿ ಬಾಷಾಸಾಬನ ಮನೆ. ಅವನು ಹತ್ತಿ ಹಿಂಜುವವನು. ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತು ಮನೆಮನೆಗೆ ಹೋಗಿ, ಗಂಟುಗಟ್ಟಿದ ಹಳೆಯ ಗಾದಿಗಳ ಹತ್ತಿ ಬಿಡಿಸಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದ. ಹೆಂಡತಿ ತೀರಿಹೋಗಿದ್ದಳು. ಇದ್ದವಳು ಒಬ್ಬಳೇ ಮಗಳು, ಜೈನಬಿ. ಗುರವ್ವನಿಗಿಂತ ಒಂದು ವರ್ಷ ದೊಡ್ಡವಳು. ಇಬ್ಬರೂ ಸಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು. ಸಾಲೆ ಬಿಟ್ಟ ಮೇಲೆ ಇಬ್ಬರೂ ಮಾಳಿಗೆ ಹತ್ತುತ್ತಿದ್ದರು.

ಆ ಊರಿನ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಗೋಡೆಗೆ ಗೋಡೆ ಹತ್ತಿಕೊಂಡಿರುವುದರಿಂದ ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ಹೆಜ್ಜೆಯಿಟ್ಟು, ಕೆಳಗೆ ಕಾಲೂರದೆ ಇಡೀ ಓಣಿ ದಾಟಬಹುದು. ಅಲ್ಲಿ ಹುಡುಗಿಯರಿಬ್ಬರೂ ಒಂದು ಊರು ಕಟ್ಟಿದ್ದರು. ಅದರ ಹೆಸರು ಮ್ಯಾಲಿನೂರು. ಆ ಊರಿಗೆ ಇಬ್ಬರೇ ರಾಣಿಯರು, ಪ್ರಜೆಗಳೆಲ್ಲ ಮಣ್ಣಿನವರು. ಬಾಷಾಸಾಬನ ಮನೆಯಿಂದ ಹಾರಿಬರುವ ಹತ್ತಿಯ ಎಳೆ ಅಲ್ಲಿಯ ಮೋಡ, ಅವನ ಬಿಲ್ಲಿನ ದನಿ ಅಲ್ಲಿಯ ನಗಾರಿ. ಮಾಳಿಗೆಯ ನಡುವೆ ಬೆಳಕು ಇಳಿಯಲು ಬಿಟ್ಟ ಗವಾಕ್ಷಿಗಳೆಲ್ಲ ಆ ಊರಿನ ಬಾವಿಗಳು. ಕೆಳಗೆ ಮನೆಯೊಳಗೆ ಓಡಾಡುವ ಜನರೆಲ್ಲ ನೀರೊಳಗಿನ ಮೀನು, ಏಡಿ, ಕಪ್ಪೆ. ಆ ಊರಿನಲ್ಲಿ ಕಾನೂನು ಒಂದೇ: ಯಾರೂ ಯಾರನ್ನೂ ಬೈಯಬಾರದು, ಬೈದವರು ಒಂದು ದಿನ ಮೂಕರಾಗಿರಬೇಕು. ಜೈನಬಿ ಆಣೆ ಪ್ರಮಾಣ ಮಾಡುವುದರಲ್ಲಿ ಗಟ್ಟಿ, ಗುರವ್ವ ಕತೆ ಕಟ್ಟುವುದರಲ್ಲಿ. ಕೆಳಗೆ ಬಾಯಿ ಬಿಡದ ಹುಡುಗಿ ಮೇಲೆ ಹತ್ತಿದರೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು.

ಕಸ್ತೂರೆವ್ವನಿಗೆ ಇದು ಗೊತ್ತಾದದ್ದು ಅಡಿಗೆಮನೆಯಲ್ಲಿ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಳು. ಮೇಲೆ ಗವಾಕ್ಷಿಯ ಬೆಳಕಿಗೆ ಎರಡು ತಲೆ ಅಡ್ಡ ಬಂದವು. ಮಗಳ ದನಿ ಕೇಳಿಸಿತು: "ಸುಮ್ಮನಿರ ಲೇ. ಮೊಸಳಿ ರೊಟ್ಟಿ ಬಡ್ಯಾಕತ್ತೈತಿ." ಆಮೇಲೆ ನಗು. ಆ ನಗುವನ್ನು ಕಸ್ತೂರೆವ್ವ ಹತ್ತು ವರ್ಷದಲ್ಲಿ ತನ್ನ ಮನೆಯೊಳಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು.

ನಿಜ ಹೇಳಬೇಕೆಂದರೆ ಅವಳಿಗೆ ಮಗಳ ಮೇಲೆ ಸಿಟ್ಟು ಬರಬೇಕಿತ್ತು. ಮಗಳ ಮೇಲೆ ಬರಲಿಲ್ಲ, ಜೈನಬಿಯ ಮೇಲೆ ಬಂತು. ಊರವರ ಮುಂದೆ ಅವಳು ಜಾತಿಯ ಮಾತು ತೆಗೆದಳು, ಲಿಂಗ ಕಟ್ಟಿದ ಹುಡುಗಿ ಎಲ್ಲಿ, ಅವರ ಮನೆ ಎಲ್ಲಿ ಎಂದಳು. ಅದೆಲ್ಲ ನೆಪ. ಬಾಷಾಸಾಬ ತುಂಬಿದ ಗಾದಿಯ ಮೇಲೆಯೇ ಇಪ್ಪತ್ತು ವರ್ಷದಿಂದ ಮಲಗಿದವಳು ಅವಳು. ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ: ತನ್ನ ಹುಡುಗಿಯ ನಗು ಇನ್ನೊಬ್ಬರ ಹುಡುಗಿಯ ಹತ್ತಿರ ಇತ್ತು. ಇದನ್ನು ಯಾರಿಗೆ ಹೇಳಲು ಬರುತ್ತದೆ? ಅವಳು ಮಾಳಿಗೆಯ ನಿಚ್ಚಣಿಕೆ ತೆಗೆಸಿದಳು. ಹುಡುಗಿಯರು ಬಾಷಾಸಾಬನ ಗೋಡೆ ಹತ್ತಿದರು. ಅವಳು ಮಗಳಿಗೆ ಹೊಡೆದಳು. ಮಗಳು ಅತ್ತು ಮುಗಿಸಿ ಮತ್ತೆ ಹತ್ತಿದಳು.

ಅದು ೧೯೭೪ರ ಆಷಾಢ. ಆ ತಿಂಗಳು ಪ್ರತಿ ಮಂಗಳವಾರ ಹುಡುಗಿಯರು ಗುಳ್ಳವ್ವ ಎಂಬ ಮಣ್ಣಿನ ದೇವಿಯನ್ನು ಮಾಡುತ್ತಾರೆ. ಜೋಳದ ಕಾಳು, ಗುಲಗಂಜಿ ಅಂಟಿಸಿ ಸಿಂಗರಿಸುತ್ತಾರೆ, ಸಂಜೆ ಮನೆಮನೆಗೆ ಹೋಗಿ ಆರತಿ ಎತ್ತುತ್ತಾರೆ. ಕಸ್ತೂರೆವ್ವ ಆ ವರ್ಷ ಕುಂಬಾರನಿಗೆ ಹೇಳಿ ದೊಡ್ಡ ಗುಳ್ಳವ್ವನನ್ನೇ ಮಾಡಿಸಿದ್ದಳು. ಮಗಳಿಗೆ ಅದು ಬೇಕಾಗಿರಲಿಲ್ಲ.

ನಾಲ್ಕನೆಯ ಮಂಗಳವಾರ ಮನೆಯಲ್ಲಿ ಜೋಳ ತೀರಿದ್ದರಿಂದ ಹಗೇವು ತೆಗೆಸಿದ್ದರು. ಹಗೇವು ಎಂದರೆ ಅಂಗಳದ ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬ ಆಳು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಕೋಣೆಯಷ್ಟು ಅಗಲ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಆದರೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಇಳಿದವನು ಒಂದೆರಡು ಉಸಿರಿಗೇ ಕುಸಿಯುತ್ತಾನೆ. ಅದಕ್ಕೇ ತೆಗೆದ ದಿನ ಯಾರೂ ಇಳಿಯುವುದಿಲ್ಲ. ಒಂದು ಹಗಲು, ಒಂದು ರಾತ್ರಿ ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಕಂದೀಲು ಆರಿದರೆ ಇನ್ನೊಂದು ದಿನ ಕಾಯುತ್ತಾರೆ. ಅಲ್ಲಿಯ ತನಕ ಬಾಯಿಯ ಹತ್ತಿರ ಒಬ್ಬರು ಕಾವಲು ಕೂತಿರಲೇಬೇಕು.

ಕಲ್ಲು ಸರಿಸಿದವನು ಮನೆಯ ಆಳು ಹುಲಿಗೆಪ್ಪ. ಬಾಯಿಯ ಸುತ್ತ ಜಾಲಿಮುಳ್ಳು ಇಟ್ಟು, ನಾಳೆಗೆ ಬೇಕಾದ ಹಗ್ಗವನ್ನು ಬೇವಿನ ಮರಕ್ಕೆ ಬಿಗಿದು, ನೆರಳಲ್ಲಿ ಕಾವಲು ಕೂತ. ಗಂಡಾಳು ಸುಮ್ಮನೆ ಕೂತದ್ದನ್ನು ಕಸ್ತೂರೆವ್ವ ಎಂದೂ ಸಹಿಸಿದವಳಲ್ಲ. ಕೂತು ತಿನ್ನುವ ಕೆಲಸ ತನಗೂ ಬರುತ್ತದೆ, ತಾನೇ ಕಾಯುತ್ತೇನೆ, ನೀನು ಹೊಲಕ್ಕೆ ನಡೆ ಎಂದು ಅವನನ್ನು ಎಬ್ಬಿಸಿದಳು. ಹಗೇವು ಬಿಟ್ಟು ಏಳಬೇಡಿರಿ ಎಂದು ಅವನು ಎರಡು ಸಲ ಹೇಳಿ ಹೋದ. ಕುಬೇರಪ್ಪ ಆಗಲೇ ಹೊಲಕ್ಕೆ ಹೋಗಿದ್ದ. ಅವಳು ಮೊರ ತಂದು ಕಟ್ಟೆಯ ಮೇಲೆ ಕೂತಳು.

ಮಧ್ಯಾಹ್ನಕ್ಕೆ ಹುಡುಗಿಯರು ಬಂದರು. ಜೈನಬಿಯ ಕೈಯಲ್ಲಿ ಒಂದು ಗುಳ್ಳವ್ವ. ಗೇಣುದ್ದದ ಗೊಂಬೆ, ತಲೆಗೆ ಹತ್ತಿಯ ಕೂದಲು, ಮುಖದಲ್ಲಿ ನಗು. ತಾನು ಈ ಗುಳ್ಳವ್ವನನ್ನೇ ಪೂಜೆಗೆ ಇಡುತ್ತೇನೆ, ಕುಂಬಾರನದು ಬೇಡ ಎಂದಳು ಗುರವ್ವ. ಮ್ಯಾಲಿನೂರಿನ ಮೂರನೆಯ ರಾಣಿ ಇವಳು ಎಂದೂ ಹೇಳಿದಳು. ಕಸ್ತೂರೆವ್ವ ಎದ್ದಳು. ಜೈನಬಿಯ ಕೈಯಿಂದ ಗೊಂಬೆ ಕಿತ್ತುಕೊಂಡಳು. ಹಗೇವಿನ ಹತ್ತಿರ ಹೋಗಿ ಅವರಿಗೆ ಬೆನ್ನು ಮಾಡಿ ನಿಂತು, ಗೊಂಬೆಯನ್ನು ಸೊಂಟದ ಸೆರಗಿನೊಳಗೆ ಸಿಕ್ಕಿಸಿಕೊಂಡು, ಬರಿಗೈಯನ್ನು ಬೀಸಿದಳು.

"ಒಗದೆ ನೋಡ," ಎಂದಳು. "ಬೇಕಾದ್ರ ಇಳದು ತಗೋ."

ಎಲ್ಲ ತಾಯಂದಿರೂ ಆಡುವ ಮಾತೇ ಅದು. ಬಾವಿಗೆ ಎಸೆದೆ ಅನ್ನುತ್ತಾರೆ, ಒಲೆಗೆ ಹಾಕಿದೆ ಅನ್ನುತ್ತಾರೆ, ಸಂಜೆ ಮಕ್ಕಳು ಅತ್ತು ಸುಸ್ತಾದ ಮೇಲೆ ಗೂಡಿನಿಂದ ತೆಗೆದು ಕೊಡುತ್ತಾರೆ. ಕಸ್ತೂರೆವ್ವನೂ ಕೊಡುವವಳಿದ್ದಳು. ಆದರೆ ಮೊದಲು ಜೈನಬಿಯನ್ನು ಮನೆಯಿಂದ ಆಚೆ ಹಾಕಬೇಕಿತ್ತು. ಅವಳ ರಟ್ಟೆ ಹಿಡಿದು ಹಿಂದಿನ ಓಣಿಗೆ ಎಳೆದುಕೊಂಡು ಹೋದಳು. ಬಾಷಾಸಾಬನ ಬಾಗಿಲಿನಲ್ಲಿ ನಿಂತು ಶುರು ಮಾಡಿದಳು. ತಾಯಿಯಿಲ್ಲದ ಹುಡುಗಿಯನ್ನು ಬೀದಿಗೆ ಬಿಟ್ಟದ್ದರಿಂದ ಹಿಡಿದು, ಹಿಂಜಿದ ಹತ್ತಿಯಲ್ಲಿ ಕದ್ದ ಪಾಲಿನ ತನಕ ಬಂದಳು. ಓಣಿಯ ಹೆಂಗಸರು ಸೇರಿದರು. ಜನ ಸೇರಿದಷ್ಟೂ ಅವಳಿಗೆ ಮಾತು ಒದಗಿ ಬರುತ್ತಿತ್ತು. ಬಾಷಾಸಾಬ ಬಿಲ್ಲು ಕೆಳಗಿಟ್ಟು ತಲೆ ತಗ್ಗಿಸಿ ಕೇಳಿದ. ಅರ್ಧ ತಾಸು ಆಗಿರಬೇಕು. ಅಷ್ಟು ಹೊತ್ತೂ ಮಣ್ಣಿನ ಗೊಂಬೆ ಅವಳ ಸೊಂಟಕ್ಕೆ ಒತ್ತುತ್ತಿತ್ತು.

ತಿರುಗಿ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಮುಳ್ಳು ಒಂದು ಕಡೆ ಸರಿದಿತ್ತು. ಹಗ್ಗ ಮರದಿಂದ ಹಗೇವಿನೊಳಗೆ ಇಳಿದಿತ್ತು. ಕಸ್ತೂರೆವ್ವ ಬಾಯಿಗೆ ಬಗ್ಗಿ ಏ ಹುಡುಗಿ ಎಂದು ಕೂಗಿದಳು. ಏ ಹುಡುಗಿ ಎಂದು ಮತ್ತೆ ಕೂಗಿದಳು. ಆಮೇಲೆ ಅತ್ತೆ, ಪದ್ಧತಿ ಎಲ್ಲ ಮರೆತು "ಗುರವ್ವಾ" ಎಂದು ಕೂಗಿದಳು. ಹತ್ತು ವರ್ಷದಲ್ಲಿ ಮೊದಲ ಸಲ ತಾಯಿ ತನ್ನ ಹೆಸರು ಹಿಡಿದು ಕರೆದದ್ದನ್ನು ಆ ಹುಡುಗಿ ಕೇಳಲಿಲ್ಲ.

ಹೊಲದಿಂದ ಓಡಿಬಂದ ಹುಲಿಗೆಪ್ಪ ಕಂದೀಲು ಬಿಟ್ಟ. ಅದು ಅರ್ಧದಲ್ಲೇ ಆರಿತು. ಅವನು ಮುಖಕ್ಕೆ ಒದ್ದೆ ಅರಿವೆ ಸುತ್ತಿ, ನಡುವಿಗೆ ಹಗ್ಗ ಕಟ್ಟಿಸಿಕೊಂಡು, ಉಸಿರು ಬಿಗಿಹಿಡಿದು ಇಳಿದ. ಹುಡುಗಿಯನ್ನು ಎತ್ತಿ ತಂದವನು ಅಂಗಳದಲ್ಲೇ ಬಿದ್ದ. ಎರಡು ದಿನ ಮೇಲೇಳಲಿಲ್ಲ. ಗುರವ್ವನ ಎರಡೂ ಮುಷ್ಟಿಯಲ್ಲಿ ಜೋಳವಿತ್ತು. ಕಾಳು ತೋಡಿ ಹುಡುಕಿದ್ದಳು.

ಊರೇ ಅಂಗಳಕ್ಕೆ ಬಂತು. ಅಳುವವರು ಅತ್ತರು, ನೋಡುವವರು ನೋಡಿದರು. ಪಕ್ಕದ ಮನೆಯ ಮಹಾದೇವಕ್ಕ ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು: ಇಷ್ಟು ತಿಳಿವಳಿಕೆಯ ಹುಡುಗಿ ಹಗೇವಿಗೆ ಯಾಕೆ ಇಳಿಯಿತು? ಕುಬೇರಪ್ಪ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಮುಖ ಎತ್ತಿ ಹೆಂಡತಿಯನ್ನು ನೋಡಿದ. ಆ ಮುಖ ಕಂಡು ಕಸ್ತೂರೆವ್ವನಿಗೆ ಭಯವಾಯಿತು. ಮಗಳು ಹೋದಳು, ಇನ್ನು ಇವನೂ ಹೋಗುತ್ತಾನೆ ಅನ್ನಿಸಿತು. ಮಾತು ತಾನಾಗಿಯೇ ಹೊರಟಿತು.

"ಆ ಜೈನಬಿ ಕಲಿಸ್ಯಾಳ. ಕೆಳಗೊಂದು ಊರೈತಿ, ಇಳದು ಹೋಗೂಣು ಅಂತ ದಿನಾ ತಲಿ ತುಂಬತಿದ್ಲು."

ಮಕ್ಕಳ ಮ್ಯಾಲಿನೂರನ್ನು ಹೀಗೆ ಒಂದೇ ಮಾತಿಗೆ ನೆಲದೊಳಗೆ ಇಳಿಸಿದಳು. ಹುಡುಗಿಯರು ಏನೋ ಒಂದು ಊರು ಕಟ್ಟಿದ್ದಾರೆ ಎಂದು ಎಲ್ಲರೂ ಅಲ್ಲಿ ಇಲ್ಲಿ ಕೇಳಿದ್ದರು, ಹಾಗಾಗಿ ನಂಬಲು ಕಷ್ಟವಾಗಲಿಲ್ಲ. ಎಲ್ಲರ ಕಣ್ಣೂ ಬೇವಿನ ಮರದ ಕಡೆ ತಿರುಗಿದವು. ಅಲ್ಲಿ ಜೈನಬಿ ನಿಂತಿದ್ದಳು. ಅವಳು ಅಳುತ್ತಿದ್ದದ್ದು ನಿಂತಿತು. ಕಸ್ತೂರೆವ್ವನನ್ನೇ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಷಾಸಾಬ ಬಂದು ಮಗಳ ಕೈ ಹಿಡಿದು ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಹಿಂದಿನ ಓಣಿಯಿಂದ ಅವನು ಮಗಳನ್ನು ಬಡಿಯುವ ಸದ್ದು ಕೇಳಿತು. ತಪ್ಪು ಒಪ್ಪಿಕೊಂಡಿರಬೇಕು ಎಂದರು ಜನ. ಗುರವ್ವನನ್ನು ಹೊಲದಲ್ಲಿ ಅಜ್ಜಿಯ ಪಕ್ಕ ಮಣ್ಣು ಮಾಡಿದರು. ಮರುದಿನ ಕಸ್ತೂರೆವ್ವ ಆ ಗೊಂಬೆಯನ್ನು ಬಕೀಟಿನಲ್ಲಿ ಹಾಕಿ ನೆನೆಸಿದಳು. ಅದು ಕರಗಿ ಕೆಸರಾದ ಮೇಲೆ ಸೆಗಣಿ ಕಲಸಿ ನೆಲ ಸಾರಿಸಿದಳು.

ಊರು ಬಾಷಾಸಾಬನಿಗೆ ಏನೂ ಅನ್ನಲಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಗಾದಿ ಹಿಂಜಲು ಮಾತ್ರ ಕರೆಯಲಿಲ್ಲ. ಬಾವಿಯ ಹತ್ತಿರ ಜೈನಬಿ ಬಂದರೆ ಹೆಂಗಸರು ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಊರಿನ ಮರ್ಯಾದೆ ಯಾವಾಗಲೂ ಹೀಗೇ, ಕೈಗೆ ರಕ್ತ ಹತ್ತದ ಹಾಗೆ ಕತ್ತು ಕೊಯ್ಯುತ್ತದೆ. ಒಂದು ತಿಂಗಳೊಳಗೆ ಅವನು ಬಿಲ್ಲು, ಪಾತ್ರೆ, ಮಗಳನ್ನು ಒಂದು ಚಕ್ಕಡಿಯಲ್ಲಿ ಹಾಕಿಕೊಂಡು ಅಣ್ಣಿಗೇರಿಗೆ ಹೋದ.

ಹಗುರಾಗಬೇಕಿದ್ದ ಕಸ್ತೂರೆವ್ವ ಹಗುರಾಗಲಿಲ್ಲ. ಕುಬೇರಪ್ಪ ವಾರಕ್ಕೊಮ್ಮೆ ಕಾಳು ಮಾರಲು ಅಣ್ಣಿಗೇರಿಗೆ ಹೋಗುತ್ತಿದ್ದ. ಅವನು ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಅವಳು ಅವನ ಮುಖವನ್ನು ಹುಡುಕುತ್ತಿದ್ದಳು. ಬಾಷಾ ಸಿಕ್ಕಿದ್ದ ಎಂದರೆ ಅವಳ ಕೈಯ ಸೌಟು ನಿಲ್ಲುತ್ತಿತ್ತು. ಏನಂದ ಎಂದು ಕೇಳಿದರೆ, ಏನೂ ಇಲ್ಲ, ಆರಾಮ ಇದ್ದಾನೆ ಎಂದು ಕುಬೇರಪ್ಪ ರೊಟ್ಟಿ ಮುರಿಯುತ್ತಿದ್ದ. ಆ ಒಂದು ವಾರ ಅವಳು ಉಸಿರಾಡುತ್ತಿದ್ದಳು, ಮತ್ತೆ ಮುಂದಿನ ವಾರ ಬರುತ್ತಿತ್ತು. ತನ್ನ ಗುಟ್ಟು ಬಲ್ಲವಳು ಭೂಮಿಯ ಮೇಲೆ ಒಬ್ಬಳೇ, ಆ ಹುಡುಗಿ. ಅವಳಿಗೆ ಜ್ವರ ಬಂದು ಸಾಯಬಾರದೇ ಎಂದು ಕಸ್ತೂರೆವ್ವ ದೇವರ ಮುಂದೆ ಕೂತು ನೆನೆದದ್ದೂ ಉಂಟು. ನೆನೆದ ಮೇಲೆ ತನ್ನ ಬಗ್ಗೆ ತನಗೇ ಅಸಹ್ಯವಾಗಿ, ಆ ಅಸಹ್ಯಕ್ಕೂ ಜೈನಬಿಯನ್ನೇ ಬೈದಳು.

ಹೀಗೆ ಐದು ವರ್ಷ ಹೋದವು. ಊರಿನ ಬಾಯಿಯಲ್ಲಿ ಆ ಮಾತು ತಾನಾಗಿ ಬೆಳೆಯಿತು. ಮೊದಲು ಜೈನಬಿ ಇಳಿಯಲು ಕಲಿಸಿದಳು ಎಂದಿತ್ತು, ಆಮೇಲೆ ಇಳಿಸಿದಳು ಎಂದಾಯಿತು, ಕೊನೆಗೆ ನೂಕಿದಳು ಎಂದೇ ಆಯಿತು. ನೂಕಿದಳು ಎಂದು ಕಸ್ತೂರೆವ್ವ ಎಂದೂ ಹೇಳಿರಲಿಲ್ಲ. ಹೇಳಿದವರನ್ನು ತಡೆಯಲೂ ಇಲ್ಲ.

೧೯೭೯ರಲ್ಲಿ, ಜೋಳದ ಬಿತ್ತಿಗೆ ಮುಗಿದ ಹೊತ್ತಿಗೆ, ಒಂದು ಬೆಳಿಗ್ಗೆ ಬಾಷಾಸಾಬ ಬಂದು ಅಂಗಳದ ಆಚೆ ನಿಂತ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಜೈನಬಿಗೆ ಅಳ್ನಾವರದಿಂದ ಒಂದು ಸಂಬಂಧ ಬಂದಿದೆ, ಹುಡುಗ ರೈಲ್ವೆಯಲ್ಲಿ ಕೆಲಸಕ್ಕಿದ್ದಾನೆ, ಎಲ್ಲ ಒಪ್ಪಿಗೆಯಾಗಿತ್ತು ಎಂದ. ಈ ಊರಿನವರು ಯಾರೋ ರೈಲಿನಲ್ಲಿ ಸಿಕ್ಕು, ಆ ಹುಡುಗಿ ಒಂದು ಕೂಸನ್ನು ಹಗೇವಿಗೆ ನೂಕಿದವಳು ಎಂದು ಹುಡುಗನ ಅಪ್ಪನ ಕಿವಿಗೆ ಹಾಕಿದ್ದಾರೆ. ಅವರು ನಾಳೆ ಕೊನೆಯ ಮಾತಿಗೆ ಬರುತ್ತಾರೆ. ಬೇರೆ ಯಾರು ಹೇಳಿದರೂ ನಂಬುವುದಿಲ್ಲ, ಸತ್ತ ಹುಡುಗಿಯ ತಾಯಿ ಬಂದು ಹಾಗಲ್ಲ ಎಂದರೆ ನಂಬುತ್ತಾರೆ. ಇಷ್ಟು ಹೇಳಿ ಅವನು ಕೈ ಮುಗಿದ.

"ಒಂದ ಮಾತು ಹೇಳಿಬಿಡ್ರೆವ್ವಾ. ಹುಡುಗಿದು ತಪ್ಪಿಲ್ಲ ಅಂತ ಇಷ್ಟ ಅಂದ್ರ ಸಾಕು."

ನಿನ್ನ ಮಗಳ ಹಣೆಬರಹಕ್ಕೆ ನಾನು ಜವಾಬ್ದಾರಿಯಲ್ಲ ಎಂದಳು ಕಸ್ತೂರೆವ್ವ. ನನ್ನ ಮಗಳು ಮಣ್ಣಲ್ಲಿದ್ದಾಳೆ, ನಿನ್ನ ಮಗಳಿಗೆ ಮದುವೆಯ ಸಡಗರವೇ ಎಂದಳು. ಬಾಷಾಸಾಬ ವಾದಿಸಲಿಲ್ಲ. ಆಗಲಿ ತಾಯಿ ಎಂದು ತಿರುಗಿದ. ಆಗ ಪಡಸಾಲೆಯಲ್ಲಿ ಕೂತಿದ್ದ ಕುಬೇರಪ್ಪ ಎದ್ದು ಬಂದು, ನಾಳೆ ತಾನು ಬರುವುದಾಗಿ ಹೇಳಿ ಕಳಿಸಿದ. ಹೆಂಡತಿಯನ್ನು ಕೇಳದೆ ಅವನು ಒಂದು ತೀರ್ಮಾನ ಮಾಡಿದ್ದು ಅದೇ ಮೊದಲು. "ಸಣ್ಣ ಹುಡುಗಿ ಆಗ," ಎಂದ ಅವಳಿಗೆ. "ಆಟದಾಗ ಏನರೆ ಅಂದಿರಬೇಕು. ನಾ ಯಾವತ್ತೋ ಮನಸಿನಾಗ ಮಾಫ್ ಮಾಡೇನಿ."

ಏನೂ ತಪ್ಪು ಮಾಡದವಳನ್ನು ಅವನು ಕ್ಷಮಿಸಿ ಕೂತಿದ್ದ. ಕಸ್ತೂರೆವ್ವನಿಗೆ ಇಡೀ ದಿನ ಒಂದೇ ಲೆಕ್ಕ: ಇವನು ಅಲ್ಲಿಗೆ ಹೋಗುತ್ತಾನೆ, ಆ ಹುಡುಗಿಯ ಎದುರು ಕೂರುತ್ತಾನೆ, ನಾನು ನಿನ್ನನ್ನು ಮಾಫ್ ಮಾಡಿದ್ದೇನೆ ಎನ್ನುತ್ತಾನೆ. ಹದಿನಾರರ ಹುಡುಗಿ, ಮದುವೆ ಮುರಿದುಬೀಳುವ ಹೊತ್ತಿನಲ್ಲಿರುವವಳು, ಆಗಲೂ ಬಾಯಿ ಮುಚ್ಚಿಕೊಂಡಿರುತ್ತಾಳೆಯೇ? ಬೆಳಿಗ್ಗೆ ಸೀರೆ ಬದಲಿಸಿ, ತಾನೂ ಬರುತ್ತೇನೆ ಎಂದು ಹೊರಟಳು. ಕುಬೇರಪ್ಪನಿಗೆ ಸಂತೋಷವಾಯಿತು. ಅವಳು ಹೊರಟಿದ್ದು ಹುಡುಗಿಯ ಬಾಯಿ ಕಟ್ಟಲು.

ಅಣ್ಣಿಗೇರಿಯಲ್ಲಿ ಬಾಷಾಸಾಬನದು ಎರಡು ಕೋಣೆಯ ಮನೆ, ಮುಂದಿನದರ ತುಂಬ ಹತ್ತಿ. ಅಳ್ನಾವರದವರು ಇನ್ನೂ ಬಂದಿರಲಿಲ್ಲ. ಗಂಡಸರು ಮುಂದೆ ಕೂತರು. ಕಸ್ತೂರೆವ್ವ ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಜೈನಬಿ ಅಲ್ಲಿ ಗಾದಿ ಹೊಲಿಯುತ್ತಿದ್ದಳು, ತಲೆಯ ಮೇಲೆ ಸೆರಗು, ಬೆರಳಲ್ಲಿ ದಬ್ಬಣ. ಎದ್ದೇಳಲಿಲ್ಲ. ಬನ್ನಿ ಎನ್ನಲಿಲ್ಲ.

ಅವರ ಮುಂದೆ ಏನು ಹೇಳಬೇಕೆಂದಿದ್ದೀ ಎಂದು ಕಸ್ತೂರೆವ್ವ ದನಿ ತಗ್ಗಿಸಿ ಕೇಳಿದಳು.

"ನಾ ಏನೂ ಹೇಳೂದಿಲ್ರಿ," ಎಂದಳು ಜೈನಬಿ, ದಬ್ಬಣ ಎಳೆಯುತ್ತ. "ಹೇಳೂದ ಅವತ್ತ ನಮ್ಮಪ್ಪಗ ಹೇಳೇನಿ."

"ಏನಂತ?"

"ಬೇಕಾದ್ರ ಇಳದು ತಗೋ ಅಂತ ನೀವ ಅಂದ್ರಿ ಅಂತ. ನಮ್ಮ ಬಾಗಲದಾಗ ನಿಂತು ಬೈಯೂ ಮುಂದ ಗೊಂಬಿ ನಿಮ್ಮ ಸೊಂಟದಾಗ ಕಾಣತಿತ್ತು ಅಂತ."

ಜೈನಬಿ ತಲೆ ಎತ್ತಲಿಲ್ಲ. ಹೊಲಿಗೆ ನಿಲ್ಲಿಸಲೂ ಇಲ್ಲ. ಅದಕ್ಕೇ ಅಪ್ಪ ತನ್ನನ್ನು ಹೊಡೆದದ್ದು ಎಂದಳು. ಮಗಳನ್ನು ಕಳೆದುಕೊಂಡ ತಾಯಿ, ಈ ಮಾತು ಹೊರಗೆ ಬಿದ್ದರೆ ಬಾವಿಗೆ ಬೀಳುತ್ತಾಳೆ, ಆ ಪಾಪ ನಮಗೆ ಬೇಡ ಎಂದು, ಇನ್ನೊಮ್ಮೆ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡುವ ತನಕ ಹೊಡೆದ, ಹೊಡೆದು ತಾನೂ ಅತ್ತ.

"ನಮ್ಮಪ್ಪಗ ನಿಮ್ಮ ಮ್ಯಾಲ ಕನಿಕರ ಐತ್ರಿ," ಎಂದಳು. "ನನಗಿಲ್ಲ. ಗುರವ್ವ ನನ್ನ ಗೆಳತಿ. ಆಕಿ ಸತ್ತಾಗ ಅಳಾಕೂ ಬಿಡಲಿಲ್ಲ ನೀವು ನನ್ನ."

ಕಸ್ತೂರೆವ್ವನಿಗೆ ನಿನ್ನೆ ಅಂಗಳದ ಆಚೆ ಕೈ ಮುಗಿದು ನಿಂತಿದ್ದ ಬಾಷಾಸಾಬ ಕಣ್ಣಿಗೆ ಕಟ್ಟಿದ. ಐದು ವರ್ಷದಿಂದ ಅವನಿಗೆ ಎಲ್ಲ ಗೊತ್ತಿತ್ತು. ಊರು ಬಿಡುವಾಗ ಗೊತ್ತಿತ್ತು. ವಾರವಾರ ಕುಬೇರಪ್ಪನನ್ನು ಕಂಡು ಮಾತಾಡುವಾಗ ಗೊತ್ತಿತ್ತು. ನಿನ್ನೆ ಅವಳು ಅಷ್ಟು ಮಾತಾಡಿದಾಗಲೂ ಆ ಒಂದು ಮಾತನ್ನು ಅವನು ಹೊರಗೆ ತೆಗೆಯಲಿಲ್ಲ. ಆಗಲಿ ತಾಯಿ ಎಂದು ಹೋದ. ಅವಳಿಗೆ ಇಷ್ಟು ನಾಚಿಕೆ ಜನ್ಮದಲ್ಲಿ ಎಂದೂ ಆಗಿರಲಿಲ್ಲ.

ಹುಡುಗನ ಅಪ್ಪ ರಹಿಮಾನಸಾಬ ಬಂದು ಕೂತ. ಖಡಕ್ಕು ಮನುಷ್ಯ, ಸುತ್ತಿ ಬಳಸಿ ಮಾತಾಡುವವನಲ್ಲ. ಕುಬೇರಪ್ಪ ಗಂಟಲು ಸರಿ ಮಾಡಿಕೊಂಡು, ತಾನು ಆ ಸತ್ತ ಹುಡುಗಿಯ ತಂದೆ, ನೂಕಿದ್ದು ಸುಳ್ಳು, ಮಕ್ಕಳ ಆಟದಲ್ಲಿ ಆದದ್ದು, ತನಗೆ ಈ ಹುಡುಗಿಯ ಮೇಲೆ ಸಿಟ್ಟಿಲ್ಲ ಎಂದ. ರಹಿಮಾನಸಾಬ ಎಲ್ಲ ಕೇಳಿದ. ಆಮೇಲೆ ಕೇಳಿದ: ಆಟವೇ ಇರಲಿ, ತೆಗೆದ ಹಗೇವಿಗೆ ಇಳಿಯಬಾರದು ಎಂದು ಆ ಸೀಮೆಯ ಕೂಸಿಗೂ ಗೊತ್ತಿರುತ್ತದೆಯಂತೆ, ಯಾರೂ ಹೇಳದೆ ಅವಳು ಯಾಕೆ ಇಳಿದಳು? ಬಾಷಾಸಾಬ ಕೈಯಲ್ಲಿದ್ದ ಹತ್ತಿಯ ಎಳೆಯನ್ನು ಬಿಡಿಸುತ್ತ ನೆಲ ನೋಡಿದ.

"ನಾ ಇಳಿ ಅಂದೆ," ಎಂದಳು ಕಸ್ತೂರೆವ್ವ ಒಳಬಾಗಿಲಿನಿಂದ.

ಬಾಷಾಸಾಬ ಗಾಬರಿಯಿಂದ ಎದ್ದು, ಬೇಡಿರಿ ತಾಯಿ, ಬೇಡಿರಿ ಎಂದ. ಅವಳು ನಿಲ್ಲಲಿಲ್ಲ. ಜೀವಮಾನವೆಲ್ಲ ಗಟ್ಟಿಯಾಗಿ ಮಾತಾಡಿದವಳು ಆ ದಿನ ಸಣ್ಣ ದನಿಯಲ್ಲಿ, ಒಂದೂ ಬಿಡದೆ ಹೇಳಿದಳು: ಹುಲಿಗೆಪ್ಪನನ್ನು ಕಾವಲಿನಿಂದ ಎಬ್ಬಿಸಿದ್ದು, ಬರಿಗೈ ಬೀಸಿದ್ದು, ಆಡಿದ ಮಾತು, ಕಾವಲು ಬಿಟ್ಟು ಬೈಯಲು ಹೋದದ್ದು, ಸುಳ್ಳು ಹೇಳಿದ್ದು, ಗೊಂಬೆ ಕರಗಿಸಿ ನೆಲ ಸಾರಿಸಿದ್ದು. ರಹಿಮಾನಸಾಬ ಸಾಕು ತಾಯಿ ಎಂದು ಕೈ ಎತ್ತಿದ. ಮದುವೆಯ ದಿನ ಹಿಡಿಯೋಣ ಎಂದು ಬಾಷಾಸಾಬನ ಹೆಗಲ ಮೇಲೆ ಕೈಯಿಟ್ಟ. ಜೈನಬಿ ಚಹಾದ ತಾಟು ತಂದಳು. ಎಲ್ಲರಿಗೂ ಕೊಟ್ಟಳು, ಕುಬೇರಪ್ಪನಿಗೆ ಎರಡೂ ಕೈಯಿಂದ ಕೊಟ್ಟಳು. ಕಸ್ತೂರೆವ್ವನ ಮುಂದೆ ತಾಟು ನಿಲ್ಲದೆ ಒಳಗೆ ಹೋಯಿತು. ಕುಬೇರಪ್ಪ ಚಹಾ ಕುಡಿಯಲಿಲ್ಲ. ಎದ್ದು ಬಾಷಾಸಾಬನ ಕಾಲು ಮುಟ್ಟಲು ಬಗ್ಗಿದ. ಬಾಷಾಸಾಬ ಹಿಡಿದೆತ್ತಿ ಅಪ್ಪಿಕೊಂಡ.

ಬಸ್ ನಿಲ್ದಾಣದ ತನಕ ಕುಬೇರಪ್ಪ ಮುಂದೆ ನಡೆದ, ಅವಳು ಹಿಂದೆ. ಅವನು ಬೈದಿದ್ದರೆ ಅವಳಿಗೆ ಉತ್ತರ ಕೊಡಲು ಬರುತ್ತಿತ್ತು. ಒಂದು ಏಟು ಹಾಕಿದ್ದರೆ ಅಳಲು ಬರುತ್ತಿತ್ತು. ಅವನು ತಿರುಗಿಯೂ ನೋಡಲಿಲ್ಲ. ಮೂರು ಗಂಟೆಯ ಬಸ್ಸು ಬಂತು. ಅವನು ಹತ್ತಿದ. ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವನು ಬಾಗಿಲಲ್ಲೇ ನಿಂತು, ಸಿಟ್ಟಿಲ್ಲದ ದನಿಯಲ್ಲಿ, ಅವಳ ಮುಖ ನೋಡದೆ ಹೇಳಿದ.

"ನೀ ಮುಂದಿನ ಬಸ್ಸಿಗೆ ಬಾ."

ಕಸ್ತೂರೆವ್ವ ಕಾಲು ಕೆಳಗಿಟ್ಟಳು. ಕಂಡಕ್ಟರು ಗಂಟೆ ಹೊಡೆದ, ಬಸ್ಸು ಹೋಯಿತು. ಮುಂದಿನ ಬಸ್ಸು ಆರಕ್ಕೆ ಎಂದು ಯಾರೋ ಹೇಳಿದರು. ಅವಳು ಕಲ್ಲು ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿದ್ದ ಹೆಂಗಸು ಯಾವ ಊರು, ಒಬ್ಬಳೇ ಬಂದಿದ್ದೀಯಾ ಎಂದು ಕೇಳಿದಳು. ಕಸ್ತೂರೆವ್ವ ಹೌದು ಎಂದಳು.